ಗ್ಲೌಸಿನ ಹೊರಗಿನ ಬೆರಳು

ಎಲಿಹಿಯೊ ಸುಣ್ಣದ ಗೆರೆಯನ್ನು ಒಂದು ದಿನವೂ ತುಳಿದವನಲ್ಲ. ನಮ್ಮ ಬೇಸ್‌ಬಾಲ್ ಮೈದಾನದಲ್ಲಿ ಬೆಂಚಿನಿಂದ ಎದ್ದು, ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬದ ಕಡೆ ಹೋಗುವಾಗ ಗೆರೆ ಬಂತೆಂದರೆ, ತೊರೆ ದಾಟುವವನ ಹಾಗೆ ಎಡಗಾಲೆತ್ತಿ ಹಾರಿಬಿಡುತ್ತಿದ್ದ. ಐವತ್ತಕ್ಕೆ ಹತ್ತಿರವಾದ, ಹೊಟ್ಟೆ ಮುಂದೆ ಬಂದ ಆ ಮನುಷ್ಯ ಹಾರುವುದನ್ನು ನೋಡಲಿಕ್ಕೆಂದೇ ನಮ್ಮ ಸಾಂತಾ ರೀಟಾದ ಹೆಂಗಸರು ಮೊದಲ ಸಾಲಿನಲ್ಲಿ ಬಂದು ಕೂರುತ್ತಿದ್ದರು.

"ಮೇಷ್ಟ್ರೇ, ಮೆಲ್ಲಗೆ! ಹೋದ ವಾರಾನೇ ಪ್ಯಾಂಟು ಹೊಲಿಸಿದ್ದೀರಿ!" ಎಂದು ಕರಿದ ತಿಂಡಿ ಮಾರುವ ಫೆಲಿಪಾ ಕೂಗುತ್ತಿದ್ದಳು.

ಆ ಭಾನುವಾರ ಮಧ್ಯಾಹ್ನ, ಕೊನೆಯದಾದ ಒಂಬತ್ತನೇ ಇನ್ನಿಂಗ್ಸಿನಲ್ಲಿ ಅವನು ಒಂದು ಸಲ ಹಾರಿಯಾಗಿತ್ತು. ಇನ್ನೊಂದು ಸಲ ಹಾರುವಂತಿರಲಿಲ್ಲ. ನಿಯಮವೇ ಹಾಗೆ. ಒಂದು ಇನ್ನಿಂಗ್ಸಿನಲ್ಲಿ ಕೋಚ್ ತನ್ನ ಪಿಚರ್ ಹತ್ತಿರ ಒಮ್ಮೆ ಹೋಗಿ ಮಾತಾಡಬಹುದು. ಎರಡನೇ ಸಲ ಹೋದರೆ ಆ ಪಿಚರ್ ಆಟ ಬಿಟ್ಟು ಹೊರಗೆ ಬರಬೇಕು. ಬೆಂಚಿನ ಮಾತು ಕೇಳಿಕೊಂಡು, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಹೋದರೂ ಅದು ಕೋಚ್ ಹೋದ ಲೆಕ್ಕವೇ. ನಮ್ಮ ಪಿಚರ್ ವಿಲ್ಕಿನ್ ಹೊರಗೆ ಬಂದರೆ ಅವನ ಜಾಗಕ್ಕೆ ಹೋಗಲು ಇದ್ದವನು ಒಬ್ಬನೇ, ಹಿಂದಿನ ದಿನವಷ್ಟೇ ನೂರು ಚೆಂಡೆಸೆದು ಭುಜಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂತವನು.

ಅದು ಫೈನಲ್. ನಾವು ಸಕ್ಕರೆ ಗಿರಣಿಯವರು, ಅವರು ಬಂದರಿನವರು. ಶುಕ್ರವಾರ ಕ್ಲಬ್ಬಿನ ಅಧ್ಯಕ್ಷ ದೋನ್ ಮಾಕ್ಸಿಮೊ ಎಲ್ಲರೆದುರು ಎಲಿಹಿಯೊನ ಮುಂದೆ ಬೆರಳಾಡಿಸಿ ಹೇಳಿದ್ದ: "ಇಪ್ಪತ್ತು ವರ್ಷದ ಹುಡುಗನ್ನ ಫೈನಲ್‌ಗೆ ಇಳಿಸ್ತೀನಿ ಅನ್ನೋದು ನಿನ್ನ ಹಟ. ಆಗಲಿ. ಅವನು ಕುಸಿದ್ನೋ, ಸೋಮವಾರ ಬೆಳಿಗ್ಗೆ ನಿನ್ನ ಕಪಾಟು ಖಾಲಿ ಮಾಡ್ಕೊಂಡು ಮನೆಗೆ ಹೋಗು. ಕೋಚ್ ಆಗೋಕೆ ಜನ ಕಾಯ್ತಿದ್ದಾರೆ."

"ಖಾಲಿ ಮಾಡೋಕೆ ಏನಿದೆ ದೋನ್ ಮಾಕ್ಸಿಮೊ? ಒಂದು ಜೊತೆ ಕಾಲುಚೀಲ," ಎಂದು ಎಲಿಹಿಯೊ ನಕ್ಕಿದ್ದ. ಆದರೆ ಆ ಕಪಾಟು ಬಿಟ್ಟರೆ ಅವನಿಗೆ ಬೇರೆ ಬದುಕಿಲ್ಲವೆಂಬುದು ನನಗೆ ಗೊತ್ತಿತ್ತು. ನಾನು ತೆಯೋಫಿಲೊ, ಅದೇ ತಂಡದಲ್ಲಿ ಬ್ಯಾಟರ್‌ಗಳಿಗೆ ಕೋಚ್. ಹನ್ನೆರಡು ವರ್ಷಗಳಿಂದ ಒಂದೇ ಬೆಂಚಿನಲ್ಲಿ ಪಕ್ಕಪಕ್ಕ ಕೂತವರು ನಾವು. ನನ್ನ ಮಗಳು ಮಿಲಾಗ್ರೊಸ್‌ಗೆ ಜ್ಞಾನಸ್ನಾನವಾದಾಗ ಮೇಣದಬತ್ತಿ ಹಿಡಿದು ನಿಂತು ಅವಳ ಧರ್ಮದ ತಂದೆಯಾದವನು ಅವನೇ. ಅಂದಿನಿಂದ ನಾವು ಒಬ್ಬರಿಗೊಬ್ಬರು ಕಂಪಾದ್ರೆ. ಒಡಹುಟ್ಟಿದವರಿಗಿಂತ ಒಂದು ಹಿಡಿ ಹೆಚ್ಚು.

ಎಲಿಹಿಯೊ ಎಡಗೈಯವನು. ಹದಿನೆಂಟಕ್ಕೆ ಸಮುದ್ರ ದಾಟಿ ಉತ್ತರಕ್ಕೆ ಹೋದ. ಆರು ವರ್ಷ ಚಳಿಯ ಊರುಗಳಲ್ಲಿ ಬಸ್ಸಿನಲ್ಲೇ ಮಲಗೆದ್ದು, ಕೊನೆಗೆ ದೊಡ್ಡ ಲೀಗಿನ ದಿಬ್ಬ ಹತ್ತಿದ. ಅವನು ಎಸೆಯುವ ಬಾಗುಚೆಂಡು ಎದೆಯ ಮಟ್ಟಕ್ಕೆ ಬಂದು, ಏನೋ ನೆನಪಾದಂತೆ ತಟ್ಟನೆ ಮೊಣಕಾಲಿಗೆ ಇಳಿಯುತ್ತಿತ್ತು. ಎರಡು ಬೇಸಿಗೆ ಅವನನ್ನು ಯಾರೂ ಮುಟ್ಟಲಾಗಲಿಲ್ಲ. ಮೂರನೆಯ ಬೇಸಿಗೆಯಲ್ಲಿ ಕಂಡಕಂಡವರೆಲ್ಲ ಹೊಡೆದರು. ಇಪ್ಪತ್ತೆಂಟಕ್ಕೆ ಊರಿಗೆ ವಾಪಸ್ಸು ಕಳಿಸಿದರು. ತೋಳು ಸತ್ತುಹೋಯಿತು ಎಂದು ಅವನೂ ನಂಬಿದ, ಊರೂ ನಂಬಿತು. ಅವನ ತಾಯಿ ಹೆಬ್ಬೆರಳಿನಷ್ಟು ಉದ್ದದ ಬೆಳ್ಳಿಯ ತೋಳೊಂದನ್ನು ಮಾಡಿಸಿ, ನಮ್ಮ ಗುಡಿಯಲ್ಲಿ ಅಲ್ತಾಗ್ರಾಸಿಯಾ ಮಾತೆಯ ಪಾದದ ಬಳಿ ಕೆಂಪು ದಾರದಲ್ಲಿ ಕಟ್ಟಿದಳು. ಮಗನ ತೋಳು ಮರಳಿ ಬರಲಿ ಎಂದು ಸಾಯುವವರೆಗೂ ಅದರ ಮುಂದೆ ಮಂಡಿಯೂರಿದಳು.

ಗುಡಿಯ ದೀಪ, ಹಿತ್ತಾಳೆ, ಹರಕೆಯ ಬೆಳ್ಳಿ ಎಲ್ಲವನ್ನೂ ಶನಿವಾರ ತಿಕ್ಕಿ ತೊಳೆಯುವ ಸೇವೆ ನನ್ನದು. ಪ್ರತಿ ಶನಿವಾರ ಆ ಪುಟ್ಟ ತೋಳನ್ನು ಬೂದಿ ಹಾಕಿ ಉಜ್ಜುವಾಗ ನಾನು ಮಾತೆಯ ಮುಖ ನೋಡುತ್ತಿರಲಿಲ್ಲ. ಏಕೆಂದರೆ ಆ ತೋಳಿಗೆ ಏನೂ ಆಗಿರಲಿಲ್ಲ. ಭೂಮಿಯ ಮೇಲೆ ಅದನ್ನು ಮೊದಲು ತಿಳಿದವನು ನಾನು.

ಆಗ ನಾನು ಬಂದರಿನ ತಂಡದ ಬ್ಯಾಟರ್. ಆ ಎರಡನೇ ಬೇಸಿಗೆ ಮುಗಿಸಿ ಚಳಿಗಾಲದ ಲೀಗಿಗೆ ಊರಿಗೆ ಬಂದಿದ್ದ ಎಲಿಹಿಯೊನ ಎದುರು ನಿಂತಿದ್ದೆ. ಚೆಂಡನ್ನು ಮರೆಮಾಡಲು ಅವನು ಗ್ಲೌಸನ್ನು ಎದೆಗೆ ತರುತ್ತಿದ್ದ. ಗ್ಲೌಸು ತೊಟ್ಟ ಕೈಯ ತೋರುಬೆರಳೊಂದನ್ನು ಗ್ಲೌಸಿನ ಹೊರಗೆ, ಅದರ ಬೆನ್ನ ಮೇಲೆ ಇಟ್ಟಿರುತ್ತಿದ್ದ. ಪಿಚರ್‌ಗಳಲ್ಲಿ ಹಲವರು ಹಾಗೆಯೇ ಇಡುತ್ತಾರೆ. ನೇರ ಚೆಂಡಿಗೆ ಆ ಬೆರಳು ಮಲಗಿರುತ್ತಿತ್ತು. ಬಾಗುಚೆಂಡಿಗೆ ಒಳಗಿನ ಹಿಡಿತ ಬಿಗಿಯಾಗುತ್ತಿದ್ದಂತೆ, ಆ ಬೆರಳು ಮುಂಜಾನೆಯ ಹುಂಜದ ಹಾಗೆ ತಲೆಯೆತ್ತುತ್ತಿತ್ತು. ಎರಡು ಸಲ ನೋಡಿದೆ. ಮೂರನೇ ಸಲ ಬೆರಳೆದ್ದಾಗ ಕಾದು ನಿಂತು ಬೀಸಿದೆ. ಚೆಂಡು ಗಿರಣಿಯ ಚಿಮಣಿಯ ಕಡೆ ಹೋಯಿತು. ಫೈನಲ್ ನಮ್ಮದಾಯಿತು.

ಅದು ಪಾಪವಲ್ಲ, ಆಟ. ಆದರೆ ಆ ಸಂಜೆ ಡೊಮಿನೊ ಮೇಜಿನಲ್ಲಿ ಬಾಯಿಬಿಟ್ಟು ಹೇಳಿದೆನಲ್ಲ! ಜೊತೆಯಲ್ಲಿದ್ದ ಬೊಲೀವರ್ ಮೇಜು ಗುದ್ದಿ ಕುಣಿದ: "ಬೆರಳೆದ್ರೆ ಬಾಗುಚೆಂಡು! ಬೆಂಚಿಂದ ಒಂದು ಶಿಳ್ಳೆ ಹೊಡೆದ್ರೆ ಕುರುಡನೂ ಹೊಡೀತಾನೆ ಮಾರಾಯ!" ತಿಂಗಳೊಳಗೆ ಆ ಮಾತು ಸಮುದ್ರ ದಾಟಿತು. ಮುಂದಿನದನ್ನು ಹೇಳಿದ್ದೇನೆ.

ಆಮೇಲೆ ನಾನು ಸಾಂತಾ ರೀಟಾದ ಅಳಿಯನಾದೆ, ಅಲ್ಲೇ ಕೋಚ್ ಆದೆ. ಹೇಳಬೇಕು ಎಂದುಕೊಂಡ ದಿನಗಳೆಷ್ಟೋ. ಪಾದ್ರಿಯ ಮುಂದೆ ಹೇಳಿಕೊಂಡೆ. "ದೇವರು ಕೇಳಿಸಿಕೊಂಡ. ಇನ್ನು ಆ ಮನುಷ್ಯನಿಗೆ ಹೇಳು," ಅಂದರು ಪಾದ್ರಿ. ದೇವರಿಗೆ ಹೇಳುವುದು ಸುಲಭ, ಅವನು ಪಕ್ಕದಲ್ಲಿ ಕೂತು ತನ್ನ ಕಾಫಿಯಲ್ಲಿ ಅರ್ಧ ಸುರಿದು ಕೊಡುವುದಿಲ್ಲ.

ಇನ್ನು ವಿಲ್ಕಿನ್. ಅವನನ್ನು ಎಲಿಹಿಯೊ ಮಾತಿನಿಂದ ಕಲಿಸಿದವನಲ್ಲ. ಬೆಳಗಿನ ಜಾವ ಗಿರಣಿಯ ಹಿಂಗೋಡೆಯ ಬಳಿ ಇಬ್ಬರೂ ಎದುರುಬದುರು ನಿಲ್ಲುತ್ತಿದ್ದರು. ಗುರು ಎಡಗೈಯವನು, ಶಿಷ್ಯ ಬಲಗೈಯವನು. ಗುರು ಏನು ಮಾಡುತ್ತಾನೋ ಶಿಷ್ಯ ಅದನ್ನೇ, ಕನ್ನಡಿಯೊಳಗಿನ ಬಿಂಬದ ಹಾಗೆ. ಕಾಲೆತ್ತಿದರೆ ಕಾಲು, ಉಸಿರೆಳೆದರೆ ಉಸಿರು. ಊರವರು ಅದಕ್ಕೆ ಕನ್ನಡಿ ಪಾಠ ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ನಾನು ಮೈದಾನದ ಇನ್ನೊಂದು ತುದಿಯಲ್ಲಿ ಬ್ಯಾಟಿನವರ ಜೊತೆ ಇರುತ್ತಿದ್ದೆ. ಒಮ್ಮೆಯೂ ವಿಲ್ಕಿನ್ ಎದುರಿಗೆ ನಿಂತು ನೋಡಿರಲಿಲ್ಲ.

ಫೈನಲ್ಲಿನ ಏಳು ಇನ್ನಿಂಗ್ಸು ಹುಡುಗ ಬರೀ ನೇರ ಚೆಂಡಿನಲ್ಲೇ ಬಂದರನ್ನು ಕಟ್ಟಿಹಾಕಿದ್ದ. ನಾಲ್ಕು–ಸೊನ್ನೆ. ನಮ್ಮ ಡೋಲಿನವರು ಅಂಗಿ ಬಿಚ್ಚಿ ಎಸೆದಿದ್ದರು. ಎಂಟನೆಯದರಲ್ಲಿ ಕಾಲು ಸೋತಿತು, ಬಾಗುಚೆಂಡು ಹೆಚ್ಚಾಯಿತು. ಅಲ್ಲಿಂದ ಶುರುವಾಯಿತು ನೋಡಿ. ಟಪ್, ಟಪ್, ಟಪ್! ಬಂದರಿನವರು ಕಾದು ಕೂತು ಹೊಡೆದ ಹಾಗೆ ಹೊಡೆದರು. ನಾಲ್ಕು–ಮೂರು. ಒಂಬತ್ತನೆಯದರ ಆರಂಭದಲ್ಲೇ ಮತ್ತೆರಡು ಹೊಡೆತ. ಎಲಿಹಿಯೊ ಗೆರೆ ಹಾರಿ ಹೋಗಿ, ಹುಡುಗನ ಕತ್ತಿನ ಹಿಂದೆ ಕೈಯಿಟ್ಟು ಏನೋ ಹೇಳಿ ಬಂದ. ವಿಲ್ಕಿನ್ ಹಲ್ಲು ಕಚ್ಚಿ ಇಬ್ಬರನ್ನು ಔಟ್ ಮಾಡಿದ. ಇನ್ನೊಬ್ಬ ಔಟಾದರೆ ಕಪ್ ನಮ್ಮದು. ಆದರೆ ಎರಡನೇ ಮತ್ತು ಮೂರನೇ ಬೇಸಿನಲ್ಲಿ ಅವರ ಓಟಗಾರರು ನಿಂತಿದ್ದರು. ಆಟದ ಕೊನೆಯ ಬ್ಯಾಟಿಂಗ್ ಸರದಿ ಬಂದರಿನವರದೇ. ಒಂದೇ ಒಂದು ಹೊಡೆತ ಬಿದ್ದರೆ ಇಬ್ಬರೂ ಮನೆ ಸೇರಿ ಎರಡು ರನ್ನಾಗುತ್ತದೆ, ಕಪ್ ಬಂದರಿಗೆ ಹೋಗುತ್ತದೆ, ಎಲಿಹಿಯೊ ಮನೆಗೆ ಹೋಗುತ್ತಾನೆ.

ಬ್ಯಾಟ್ ಹಿಡಿದು ಬಂದವನು ಸಿಪ್ರಿಯಾನ್, ಬಾಗಿಲಿನಷ್ಟು ಅಗಲದ ಆಳು.

"ಏಯ್ ಕಬ್ಬಿನ ಸಿಪ್ಪೆ!" ಎಂದು ಅವನು ವಿಲ್ಕಿನ್‌ಗೆ ಕೂಗಿದ. "ಅಮ್ಮನ್ನ ಕರ್ಕೊಂಡು ಬಂದಿದ್ದೀಯಾ? ಅಳೋಕೆ ಮಡಿಲು ಬೇಕಾಗತ್ತೆ!"

"ಬಂದಿದ್ದಾಳೆ!" ಮೊದಲ ಸಾಲಿನಿಂದ ವಿಲ್ಕಿನ್‌ನ ತಾಯಿಯೇ ಎದ್ದು ನಿಂತಳು. "ನಿಮ್ಮಮ್ಮನೂ ಇಲ್ಲೇ ಕೂತಿದ್ದಾಳೆ, ನಿನ್ನ ಮೂಗು ಒರೆಸೋಕೆ!"

ಸ್ಟೇಡಿಯಂ ಬಿದ್ದು ಬಿದ್ದು ನಕ್ಕಿತು. ವಿಲ್ಕಿನ್ ಗ್ಲೌಸನ್ನು ಎದೆಗೆ ತಂದ. ಆ ಕ್ಷಣ, ಡೋಲುಗಳ ಅಬ್ಬರದ ನಡುವೆ, ಎದುರು ಬೆಂಚಿನಿಂದ ಒಂದು ಗಿಡ್ಡ ಶಿಳ್ಳೆ ಕೇಳಿಸಿತು. ಸಿಪ್ರಿಯಾನ್ ಬೀಸಿದ. ಚೆಂಡು ಸಿಡಿದು ಎಡಕ್ಕೆ ಹಾರಿ, ಗೆರೆಗಿಂತ ಒಂದು ಗೇಣು ಹೊರಗೆ, ಗೋಡೆ ದಾಟಿ ಕಬ್ಬಿನೊಳಗೆ ಬಿತ್ತು. ಹೊರಗೆ ಬಿದ್ದದ್ದರಿಂದ ಬರೀ ಒಂದು ಸ್ಟ್ರೈಕ್. ಮೂರು ಸ್ಟ್ರೈಕ್‌ಗೆ ಔಟ್, ಇನ್ನೆರಡು ಬೇಕು. ಒಂದು ಗೇಣು ಒಳಗೆ ಬಿದ್ದಿದ್ದರೆ ಎಲ್ಲ ಮುಗಿದಿತ್ತು. ಇಡೀ ಸಾಂತಾ ರೀಟಾ ಶಿಲುಬೆಯ ಗುರುತು ಹಾಕಿಕೊಂಡಿತು.

ನಾನು ಮಾತ್ರ ಶಿಳ್ಳೆ ಬಂದ ಕಡೆ ತಿರುಗಿದೆ. ಆ ಶಿಳ್ಳೆ! ಎದುರು ಬೆಂಚಿನಲ್ಲಿ, ಬಾಯಿಂದ ಬೆರಳು ತೆಗೆಯುತ್ತ ನಿಂತಿದ್ದವನು ಬಂದರಿನ ಕೋಚ್. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಬೊಲೀವರ್. ನಾನು ಡೊಮಿನೊ ಮೇಜಿನಲ್ಲಿ ಕೊಟ್ಟದ್ದನ್ನು ಇಪ್ಪತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದವನು. ನಾನು ಬೆಂಚಿನ ತುದಿಗೆ ಓಡಿ, ಬ್ಯಾಟರ್ ಹಿಂದಿನ ಜಾಲರಿಗೆ ಮುಖ ಒತ್ತಿ, ವಿಲ್ಕಿನ್ ಸುಮ್ಮನೆ ಗ್ಲೌಸಿನೊಳಗೆ ಹಿಡಿತ ಬದಲಿಸಿ ನೋಡಿಕೊಳ್ಳುತ್ತಿದ್ದುದನ್ನು ನೋಡಿದೆ. ಬೆರಳು ಮಲಗಿತು. ಬೆರಳು ಎದ್ದಿತು. ಕನ್ನಡಿ ಒಂದನ್ನೂ ಬಿಟ್ಟಿರಲಿಲ್ಲ.

ತಿರುಗಿದರೆ ಎಲಿಹಿಯೊ ಬೆಂಚು ಬಿಟ್ಟು ಗೆರೆಯ ಕಡೆ ಹೊರಟಿದ್ದ. ಓಡಿಹೋಗಿ ಹಿಂದಿನಿಂದ ಅವನ ಬೆಲ್ಟು ಹಿಡಿದೆ. ಅವನ ಎಡಗಾಲು ಆಗಲೇ ಗಾಳಿಯಲ್ಲಿತ್ತು.

"ಕಂಪಾದ್ರೆ! ಎರಡನೇ ಸಲ ಆಗತ್ತೆ!"

"ಬಿಡೋ ಬೆಲ್ಟು! ಕರ್ಕೊಂಡೇ ಬರ್ತೀನಿ ಅವನನ್ನ. ತೋಳು ಹೋಗ್ತಿದೆ ಹುಡುಗಂದು. ನನಗೂ ಹೀಗೇ ಹೋಗಿದ್ದು, ಹೇಳದೆ ಕೇಳದೆ. ನನ್ನ ಕೆಲಸ ಹಾಳಾಗಿ ಹೋಗ್ಲಿ, ಅವನ ತೋಳಾದ್ರೂ ಉಳೀಲಿ."

ಇಷ್ಟರಲ್ಲಿ ದೇವರು ಒಂದು ನಾಯಿಯನ್ನು ಕಳಿಸಿದ. ಬೇರೆ ಯಾರು ಕಳಿಸುತ್ತಾರೆ? ಅಂಪೈರ್ ಹೊಸ ಚೆಂಡನ್ನು ನಮ್ಮ ಕ್ಯಾಚರ್ ಬೆನಿಯ ಕಡೆ ಎಸೆದ. ಅದು ಅವನ ಕೈತಪ್ಪಿ ಉರುಳಿತು. ಫೆಲಿಪಾಳ ಕಂದು ನಾಯಿ ಬೇಲಿ ನುಸುಳಿ ಬಂದು ಅದನ್ನು ಕಚ್ಚಿಕೊಂಡು ಮೈದಾನದ ಉದ್ದಕ್ಕೂ ಓಟ ಕಿತ್ತಿತು. ಆ ನಾಯಿಯ ಹೆಸರು ಮೇಯರ್.

"ಮೇಯರ್! ಬಿಡೋ ಅದನ್ನ! ಸಾರ್ವಜನಿಕರ ಆಸ್ತಿ ಕಣೋ ಅದು!" ಎಂದು ಫೆಲಿಪಾ ಚೀರಿದಳು. ಎರಡೂ ತಂಡದವರು ನಾಯಿಯ ಹಿಂದೆ. ಜನ ಎದ್ದು ಕೇಕೆ. "ಮೇಯರ್ ಹೋಂ ರನ್! ಮೇಯರ್ ಹೋಂ ರನ್!"

ಆ ಗದ್ದಲದ ನಡುವೆ ನಾನು ಇಪ್ಪತ್ತು ವರ್ಷದ ಮಾತನ್ನು ನಾಲ್ಕೇ ಮಾತಿನಲ್ಲಿ ಹೇಳಿದೆ.

"ತೋಳಲ್ಲ, ಕಂಪಾದ್ರೆ. ಬೆರಳು. ಬಾಗುಚೆಂಡಿಗೆ ಗ್ಲೌಸಿನ ಮೇಲೆ ಬೆರಳು ಏಳತ್ತೆ. ಅದನ್ನ ನೋಡಿ ಬೊಲೀವರ್ ಶಿಳ್ಳೆ ಹೊಡೀತಿದ್ದಾನೆ. ಹುಡುಗ ನಿನ್ನಿಂದಾನೇ ಕಲ್ತಿದ್ದು. ನಿನಗೂ ಏಳ್ತಿತ್ತು."

ಅವನ ಕಾಲು ಗೆರೆಯ ಈಚೆಗೇ ಇಳಿಯಿತು. "ನನಗೂ... ಏಳ್ತಿತ್ತಾ?"

"ಆ ಫೈನಲ್‌ನಲ್ಲಿ ನಾನು ಹೊಡೆದಿದ್ದು ಅದನ್ನ ನೋಡೇ. ಬೊಲೀವರ್‌ಗೆ ಹೇಳಿದ್ದೂ ನಾನೇ."

"ಮಿಲಾಗ್ರೊಸ್‌ಗೆ ನಾನು ಮೇಣದಬತ್ತಿ ಹಿಡಿದು ನಿಂತಾಗ್ಲೂ ನಿಂಗೆ ಗೊತ್ತಿತ್ತು?"

"ಗೊತ್ತಿತ್ತು."

"ಅಮ್ಮ ಆ ಬೆಳ್ಳಿ ತೋಳಿನ ಮುಂದೆ ಮಂಡಿ ಸವೆಸ್ತಿದ್ದಾಗ್ಲೂ?"

ಹೌದೆಂದು ತಲೆಯಾಡಿಸಿದೆ.

ಅವನು ನನ್ನ ಮುಖವನ್ನು ನೋಡಲಿಲ್ಲ. ತನ್ನ ಎಡತೋಳನ್ನು ನೋಡಿಕೊಂಡ. ಕಳೆದುಹೋಗಿದ್ದ ದನ ಸಂಜೆಗೆ ತಾನಾಗಿ ಕೊಟ್ಟಿಗೆಗೆ ಬಂದಾಗ ಮೈದಡವಿ ನೋಡುವಂತೆ, ಭುಜದಿಂದ ಮಣಿಕಟ್ಟಿನವರೆಗೆ ಸವರಿದ. "ಹಾಗಾದ್ರೆ ಇದಕ್ಕೇನೂ ಆಗಿರ್ಲಿಲ್ಲ," ಅಂದ.

"ಏನೂ ಆಗಿರ್ಲಿಲ್ಲ, ಕಂಪಾದ್ರೆ."

ಅವನು ನನ್ನನ್ನು ಹೊಡೆಯುತ್ತಾನೆಂದೇ ಕಾದೆ. "ನಿನ್ನ ವಿಚಾರ ಆಮೇಲೆ," ಎಂದವನೇ ಬೆಂಚಿನ ಕೆಳಗಿನಿಂದ ತನ್ನ ಹಳೆಯ ಗ್ಲೌಸನ್ನು ಎಳೆದು ಬಲಗೈಗೆ ತೊಟ್ಟು, ಮೆಟ್ಟಿಲ ಮೇಲೆ, ದಿಬ್ಬಕ್ಕೆ ನೇರ ಎದುರಾಗಿ ನಿಂತ. ಗಿರಣಿಯ ಗೋಡೆಯ ಬಳಿ ನಿಲ್ಲುತ್ತಿದ್ದಂತೆ.

ಮೇಯರ್‌ನನ್ನು ಹಿಡಿದರು. ಚೆಂಡು ಬದಲಾಯಿತು. ವಿಲ್ಕಿನ್ ಬೆಂಚಿನ ಕಡೆ ನೋಡಿದ. ಗುರುವನ್ನು ಗ್ಲೌಸಿನ ಜೊತೆ ಕಂಡು ತಾನಾಗಿಯೇ ನೇರವಾಗಿ ನಿಂತ. ಯಾವ ಚೆಂಡು ಎಂದು ಬೆಂಚಿನಿಂದ ಹೇಳುವುದು ನಮ್ಮಲ್ಲಿ ಎಂದಿನ ವಾಡಿಕೆ: ಟೋಪಿ ಮುಟ್ಟಿದರೆ ನೇರ, ಕಿವಿ ಮುಟ್ಟಿದರೆ ಬಾಗು. ಎಲಿಹಿಯೊ ಟೋಪಿ ಮುಟ್ಟಿದ. ಬೆನಿಯೂ ನೋಡಿದ, ವಿಲ್ಕಿನ್ನೂ ನೋಡಿದ. ಆಮೇಲೆ ಎಲಿಹಿಯೊ ಗ್ಲೌಸನ್ನು ಎದೆಗೆ ತಂದು, ಅದರ ಬೆನ್ನ ಮೇಲಿನ ಬೆರಳನ್ನು ನಿಧಾನವಾಗಿ, ಸ್ಪಷ್ಟವಾಗಿ, ಮೇಲಕ್ಕೆತ್ತಿದ.

ವಿಲ್ಕಿನ್ ಹುಬ್ಬು ಗಂಟಿಕ್ಕಿದ. ತನ್ನ ಗ್ಲೌಸನ್ನು ನೋಡಿಕೊಂಡ. ತನ್ನ ಬೆರಳನ್ನು ಅವನು ಜೀವಮಾನದಲ್ಲಿ ಅಂದೇ ಮೊದಲು ನೋಡಿದ್ದು. ಮೆಲ್ಲಗೆ ಅದನ್ನೆತ್ತಿದ. ಎಲಿಹಿಯೊ ಮತ್ತೆ ಟೋಪಿ ಮುಟ್ಟಿದ. ಹುಡುಗನ ಬಾಯಿಯ ಒಂದು ಮೂಲೆ ಅಷ್ಟೇ ಅಷ್ಟು ಮೇಲಾಯಿತು.

ಬೆರಳೆದ್ದಿತು. ಶಿಳ್ಳೆ ಬಿತ್ತು. ಸಿಪ್ರಿಯಾನ್ ಬಾಗುಚೆಂಡು ಇಳಿಯಲಿ ಎಂದು ಆರಾಮಾಗಿ ಕಾದ. ನೇರ ಚೆಂಡು ಅವನ ಎದೆಯ ಮುಂದೆ ಸುಯ್ಯೆಂದು ಹಾದು ಬೆನಿಯ ಗ್ಲೌಸಿನಲ್ಲಿ ಪಟಾಕಿಯಂತೆ ಸಿಡಿಯಿತು. ಅವನ ಬ್ಯಾಟು ಹೊರಟದ್ದು ಆಮೇಲೆ.

"ಸ್ಟ್ರೈಕ್ ಎರಡು!"

ಸ್ಟೇಡಿಯಂ ಎದ್ದು ನಿಂತಿತು. ಸಿಪ್ರಿಯಾನ್ ತನ್ನ ಬೆಂಚಿನ ಕಡೆ ತಿರುಗಿ ಕೆಂಡವಾದ. "ಬೊಲೀವರ್! ಆ ಶಿಳ್ಳೆನ ಹೋಗಿ ನಿನ್ನ ಹೆಂಡ್ತಿ ಹತ್ರ ಹೊಡಿ!"

"ನೋಡ್ದೆ ಕಣೋ, ನನ್ನ ಕಣ್ಣಾರೆ ನೋಡ್ದೆ! ಬೆರಳು..." ಬೊಲೀವರ್ ಬಾಯಿ ಅಲ್ಲೇ ಮುಚ್ಚಿಕೊಂಡಿತು. ಹೆಚ್ಚು ಹೇಳಿದರೆ ಗುಟ್ಟು ರಟ್ಟಾಗುತ್ತಿತ್ತು.

ಡೋಲಿನವರು ಕೈ ಕಾಣದಷ್ಟು ವೇಗಕ್ಕೆ ಏರಿದರು. ನಾನು ಜೇಬಿನೊಳಗೆ ಜಪಮಾಲೆಯ ಮಣಿಯೊಂದನ್ನು ಹಿಸುಕುತ್ತಿದ್ದೆ. ಯಾವ ಪ್ರಾರ್ಥನೆ ಹೇಳುತ್ತಿದ್ದೆನೋ ತಿಳಿಯದು, ಅರ್ಧ ಅಲ್ತಾಗ್ರಾಸಿಯಾ ಮಾತೆಗೆ, ಅರ್ಧ ಆ ಬೆರಳಿಗೆ. ಎಲಿಹಿಯೊ ಈ ಸಲ ಕಿವಿ ಮುಟ್ಟಿದ. ಆಮೇಲೆ ಬೆರಳನ್ನು ಗ್ಲೌಸಿನ ಮೇಲೆ ಮಗುವನ್ನು ಮಲಗಿಸುವ ಹಾಗೆ ಮಲಗಿಸಿದ. ದಿಬ್ಬದ ಮೇಲೆ ಅವನ ಬಿಂಬವೂ ಮಲಗಿಸಿತು.

ಶಿಳ್ಳೆಯಿಲ್ಲ. ಶಿಳ್ಳೆ ಇದ್ದಾಗ ನೇರ ಬಂತು, ಇಲ್ಲದಾಗ ಏನು ಬರುತ್ತದೆ? ಸಿಪ್ರಿಯಾನ್ ಹಲ್ಲು ಕಚ್ಚಿ ನೇರಕ್ಕೇ ಸಿದ್ಧನಾದ. ವಿಲ್ಕಿನ್ ಕಾಲೆತ್ತಿದ, ಎಸೆದ. ಚೆಂಡು ಎದೆಯ ಮಟ್ಟಕ್ಕೆ ಬಂತು. ಸಿಪ್ರಿಯಾನ್ ಮೈಯೆಲ್ಲ ಬಳಸಿ ಬೀಸಿದ. ಚೆಂಡಿಗೆ ಏನೋ ನೆನಪಾಯಿತು. ತಟ್ಟನೆ ಅವನ ಮೊಣಕಾಲಿಗೆ ಇಳಿಯಿತು. ಬ್ಯಾಟು ಗಾಳಿಯನ್ನು ಕಡಿದು, ಅವನನ್ನೇ ಒಂದು ಸುತ್ತು ಸುತ್ತಿಸಿ ಮಂಡಿಗೆ ತಂದಿತು.

ಆಮೇಲೆ ಏನು ನಡೆಯಿತೆಂದು ಕ್ರಮವಾಗಿ ಹೇಳಲಾರೆ. ಬೇಲಿ ಮುರಿಯಿತು. ಗಿರಣಿಯವರು ಯಾರ ಅಪ್ಪಣೆಯೂ ಇಲ್ಲದೆ ಶಿಳ್ಳೆಯ ಹಗ್ಗ ಎಳೆದರು, ಹಬೆಯ ಕೂಗು ಕಬ್ಬಿನ ಮೇಲೆಲ್ಲ ಹರಡಿತು. ವಿಲ್ಕಿನ್‌ನ ತಾಯಿ ಸಿಪ್ರಿಯಾನ್‌ನ ತಾಯಿಯನ್ನು ತಬ್ಬಿಕೊಂಡು ಅಳುತ್ತಿದ್ದಳು. ದೋನ್ ಮಾಕ್ಸಿಮೊ ಎಲಿಹಿಯೊನ ಕೈಯನ್ನು ಎರಡೂ ಕೈಯಲ್ಲಿ ಕುಲುಕಿ, "ನಾನು ಹೇಳಿರ್ಲಿಲ್ವಾ, ಹುಡುಗನ್ನೇ ಇಳಿಸು ಅಂತ!" ಅಂದ.

"ಹೇಳಿದ್ರಿ ದೋನ್ ಮಾಕ್ಸಿಮೊ. ಕಾಲುಚೀಲ ಕಪಾಟಿನಲ್ಲೇ ಇರ್ಲಿ ತಾನೆ?"

ನಾನು ಬೆಂಚಿನಲ್ಲೇ ಕೂತಿದ್ದೆ. ಗೆದ್ದಿದ್ದೆವು, ಆದರೆ ಗೆರೆ ದಾಟಿ ಅವರ ನಡುವೆ ಹೋಗಲು ನನಗೆ ಕಾಲು ಬರಲಿಲ್ಲ. ಆಗ ಎಲಿಹಿಯೊ ಜನರನ್ನು ಸರಿಸುತ್ತ ದಿಬ್ಬದ ಮೇಲೆ ಹತ್ತಿದ. ವಿಲ್ಕಿನ್ ಕೈಯಿಂದ ಚೆಂಡು ಇಸಿದುಕೊಂಡ.

"ತೆಯೋ!" ಎಂದು ಕೂಗಿದ. ಕಂಪಾದ್ರೆ ಅನ್ನಲಿಲ್ಲ. "ಬ್ಯಾಟ್ ತಗೊಂಡು ನಿಲ್ಲು."

"ಹುಚ್ಚಾ? ನನಗೆ ಐವತ್ತೊಂದು."

"ನನ್ನ ತೋಳಿಗೆ ಇಪ್ಪತ್ತೆಂಟೇ. ನಡುವಿನ ಇಪ್ಪತ್ತು ವರ್ಷ ನೀನು ಎತ್ತಿಟ್ಟುಕೊಂಡಿದ್ದೆಯಲ್ಲ. ನಿಲ್ಲು ಅಂದೆ."

ಜನ ಎರಡು ಬದಿಗೆ ಸರಿದರು. ಏಕೆಂದು ಯಾರಿಗೂ ತಿಳಿಯದು, ಆದರೆ ನಮ್ಮ ಕಡೆಯವರಿಗೆ ಯಾರಾದರೂ ಎಸೆಯುತ್ತಾರೆ, ಯಾರಾದರೂ ಬೀಸುತ್ತಾರೆ ಅಂದರೆ ಅಷ್ಟು ಸಾಕು. ನಾನು ಬ್ಯಾಟ್ ಎತ್ತಿ ನಿಂತೆ. ಬೆನಿ ನನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತ.

ಎಲಿಹಿಯೊ ಗ್ಲೌಸನ್ನು ಎದೆಗೆ ತಂದ. ಸಂಜೆಯ ಬಿಸಿಲು ಅದರ ಮೇಲೆ ಬಿದ್ದಿತ್ತು. ಬೆರಳು ಎದ್ದಿತು, ಯಾವ ಮುಚ್ಚುಮರೆಯೂ ಇಲ್ಲದೆ. "ನೋಡ್ಕೋ!" ಎಂದು ಕೂಗಿದ. "ಬಾಗುಚೆಂಡು. ಮೋಸ ಇಲ್ಲ. ಹೊಡಿ!"

ಯಾವುದು ಬರುತ್ತದೆಂದು ಗೊತ್ತಿತ್ತು. ಎಲ್ಲಿ ಇಳಿಯುತ್ತದೆಂದೂ ಗೊತ್ತಿತ್ತು. ಕಾದು, ನನ್ನಲ್ಲಿ ಉಳಿದಿದ್ದ ಶಕ್ತಿಯನ್ನೆಲ್ಲ ಸೇರಿಸಿ ಬೀಸಿದೆ. ಚೆಂಡು ನನ್ನ ಬ್ಯಾಟಿನ ಕೆಳಗೆ ಎಲ್ಲೋ ಮಾಯವಾಗಿ ಬೆನಿಯ ಗ್ಲೌಸಿನಲ್ಲಿ ಕಾಣಿಸಿಕೊಂಡಿತು. ನಾನು ಕುಂಡೆಯೂರಿ ಕೆಂಪು ಮಣ್ಣಿನಲ್ಲಿ ಕೂತಿದ್ದೆ. ಮೇಯರ್ ಬಂದು ನನ್ನ ಕಿವಿ ನೆಕ್ಕಿತು. ಇಡೀ ಸಾಂತಾ ರೀಟಾ ನಕ್ಕ ನಗೆಯಲ್ಲಿ ನನ್ನ ಕಣ್ಣಿನ ನೀರು ಯಾರಿಗೂ ಕಾಣಲಿಲ್ಲ.

ಎಲಿಹಿಯೊ ದಿಬ್ಬ ಇಳಿದು ಬಂದು ಎಡಗೈ ಚಾಚಿದ. ಹಿಡಿದೆ. ಒಂದೇ ಎಳೆತಕ್ಕೆ ನನ್ನನ್ನು ಎಬ್ಬಿಸಿ ನಿಲ್ಲಿಸಿದ. ಅಷ್ಟು ಬಲವಿತ್ತು ಆ ತೋಳಿನಲ್ಲಿ.

"ಶನಿವಾರ ಗುಡಿಗೆ ಹೋಗ್ತೀಯಲ್ಲ ಕಂಪಾದ್ರೆ," ಅಂದ, ನನ್ನ ಪ್ಯಾಂಟಿನ ಮಣ್ಣು ಕೊಡವುತ್ತ. "ಆ ಬೆಳ್ಳಿ ತೋಳನ್ನ ಇಳಿಸಿಡು. ಪಾಪ, ಅಮ್ಮ ಆ ತಾಯಿಗೆ ತಪ್ಪು ಅಂಗ ಕೊಟ್ಟು ಇಷ್ಟು ವರ್ಷ ತಲೆ ಕೆಡಿಸಿದ್ದಾಳೆ. ಬೆರಳು ಮಾಡಿಸಬೇಕಿತ್ತು."

"ಈಗ ಮಾಡಿಸೋಣ," ಅಂದೆ.

"ನೀನೇ ಮಾಡಿಸ್ಬೇಕು. ನೀನೇ ಉಜ್ಜಬೇಕು," ಎಂದು ಅವನು ನನ್ನ ಹೆಗಲ ಮೇಲೆ ತೋಳು ಹಾಕಿ ನಡೆದ. ಸುಣ್ಣದ ಗೆರೆ ಬಂದಾಗ ಎಡಗಾಲೆತ್ತಿ ಹಾರಿದ. ಹೆಗಲಿಗೆ ಜೋತಿದ್ದ ನಾನೂ ಹಾರಲೇಬೇಕಾಯಿತು.